ಕೆಮ್ಮಿದರೆ ಮೂತ್ರ ಸೋರುವುದಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್: ಯಾರಾದರೂ ಮಾಡಿಸಿದ್ದೀರಾ?

ಕಾಫಿಹೂ (ಸಿದ್ದಾಪುರ)
ಎಲ್ಲರಿಗೂ ನಮಸ್ಕಾರ. ಮುಜುಗರದ ವಿಷಯ, ಆದರೂ ಕೇಳಲೇಬೇಕು. ಅಮ್ಮನಿಗೆ 58 ವರ್ಷ. ಮೂರು ಹೆರಿಗೆ ಆಗಿದೆ. ಕೆಲವು ವರ್ಷಗಳಿಂದ ಕೆಮ್ಮಿದರೆ, ಸೀನಿದರೆ, ಕಾಫಿ ಚೀಲ ಎತ್ತಿದರೆ ಮೂತ್ರ ಸೋರುತ್ತದೆ. ಮದುವೆ, ನಾಮಕರಣ ಯಾವುದಕ್ಕೂ ಬರುವುದಿಲ್ಲ. ಈ ಸಲ ಪುತ್ತರಿಗೆ ಅಣ್ಣನ ಮನೆಗೂ ಹೋಗಲಿಲ್ಲ. ಮಡಿಕೇರಿ ಬಸ್ಸು ಹತ್ತುವುದಕ್ಕೇ ಹೆದರುತ್ತಾರೆ.

ಬೆಂಗಳೂರಿನ ಒಂದು ಕ್ಲಿನಿಕ್‌ನ ವಿಡಿಯೋ ನೋಡಿ ಅಣ್ಣ ಫೋನ್ ಮಾಡಿದ. ಹೊಟ್ಟೆಯ ಕೊಬ್ಬು ತೆಗೆದು, ಅದರಲ್ಲಿರುವ ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಬೇರೆ ಮಾಡಿ, ಅವತ್ತೇ ಮೂತ್ರನಾಳದ ಪಕ್ಕ ಚುಚ್ಚುತ್ತಾರಂತೆ. ಸಂಜೆಗೆ ಮನೆಗೆ ಬರಬಹುದಂತೆ. ಎರಡೂವರೆ ಲಕ್ಷ. ಅಣ್ಣ ಇಟ್ಟಿರುವ ಕರಿಮೆಣಸು ಮಾರಿ ದುಡ್ಡು ಹೊಂದಿಸೋಣ ಅನ್ನುತ್ತಿದ್ದಾನೆ. ಅಮ್ಮನೂ ಒಪ್ಪಿದ್ದಾರೆ. ನನಗೆ ಮಾತ್ರ ಧೈರ್ಯ ಬರುತ್ತಿಲ್ಲ. ಯಾರಾದರೂ ಮಾಡಿಸಿದ್ದರೆ ದಯವಿಟ್ಟು ಹೇಳಿ.

ಗೋಣಿಕೊಪ್ಪ ಹುಡುಗ
ದುಡ್ಡು ಕಟ್ಟಬೇಡಿ. ಮೊದಲು ಯೂರಾಲಜಿ (ಮೂತ್ರರೋಗ) ಡಾಕ್ಟರ್‌ಗೆ ತೋರಿಸಿ.

ನಿವೃತ್ತ ಸಿಸ್ಟರ್ (ಮಡಿಕೇರಿ)
ಮುಜುಗರ ಏನೂ ಇಲ್ಲಮ್ಮ. ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡಿದವಳು ನಾನು. ಈ ತೊಂದರೆ ಇರುವ ಹೆಂಗಸರು ಎಷ್ಟು ಜನ ಅಂತ ನನಗೆ ಗೊತ್ತು. ಯಾರೂ ಬಾಯಿ ಬಿಡುವುದಿಲ್ಲ, ಅಷ್ಟೇ.

ಮೊದಲು ಯಾವ ತರಹದ ಸೋರಿಕೆ ಅಂತ ತಿಳಿಯಬೇಕು. ಕೆಮ್ಮಿದಾಗ, ಭಾರ ಎತ್ತಿದಾಗ ಸೋರಿದರೆ ಅದು ಒತ್ತಡದ ಸೋರಿಕೆ. ಮೂತ್ರನಾಳವನ್ನು ಬಿಗಿಯಾಗಿ ಮುಚ್ಚಿಡುವ ಸ್ನಾಯು, ಅದನ್ನು ಕೆಳಗಿನಿಂದ ಹೊತ್ತಿರುವ ಸ್ನಾಯು, ಎರಡೂ ಸಡಿಲ ಆಗಿರುತ್ತವೆ. ಹೆರಿಗೆ, ಮುಟ್ಟು ನಿಲ್ಲುವುದು, ಮೈ ತೂಕ, ಹಳೇ ಕೆಮ್ಮು ಎಲ್ಲವೂ ಇದಕ್ಕೆ ಕಾರಣ ಆಗಬಹುದು. ಥಟ್ಟನೆ ಅವಸರ ಬಂದು, ಬಚ್ಚಲಿಗೆ ಮುಟ್ಟುವ ಮೊದಲೇ ಆಗಿಹೋದರೆ ಅದು ಬೇರೆ. ಅಲ್ಲಿ ಮೂತ್ರಕೋಶವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಅದಕ್ಕೆ ಮಾತ್ರೆ ಇದೆ. ಕೆಲವರಿಗೆ ಎರಡೂ ಇರುತ್ತದೆ. ಸಕ್ಕರೆ ಕಾಯಿಲೆ, ಮೂತ್ರದ ಸೋಂಕು ನೋಡಿಸಿದ್ದೀರಾ? ಆ ಕ್ಲಿನಿಕ್‌ನವರು ಇದರಲ್ಲಿ ಒಂದನ್ನಾದರೂ ಕೇಳಿದರಾ?

ಕಾಫಿಹೂ
ಒಂದನ್ನೂ ಕೇಳಲಿಲ್ಲ ಸಿಸ್ಟರ್. ವಯಸ್ಸು ಕೇಳಿದರು, ಯಾವಾಗ ಬರುತ್ತೀರಿ ಅಂದರು.

ಕರಿಮೆಣಸು (ಪೊನ್ನಂಪೇಟೆ)
ಎಲ್ಲರೂ ಸುಮ್ನೆ ಹೆದರಿಸಬೇಡಿ. ಸ್ಟೆಮ್ ಸೆಲ್ ಅಂದರೆ ಮೋಸ ಅಂತ ಹೇಳುವುದು ತಪ್ಪು. ನಮ್ಮ ಭಾವನ ಮಗನಿಗೆ ರಕ್ತದ ಕ್ಯಾನ್ಸರ್ ಇತ್ತು. ಅಸ್ಥಿಮಜ್ಜೆ ಕಸಿ ಮಾಡಿದರು. ಈಗ ಕಾಲೇಜಿಗೆ ಹೋಗುತ್ತಿದ್ದಾನೆ, ಹಾಕಿ ಆಡುತ್ತಾನೆ. ಅದೂ ಸ್ಟೆಮ್ ಸೆಲ್ ಚಿಕಿತ್ಸೆಯೇ ಅಲ್ವಾ? ಅದು ಸಾಧ್ಯ ಆದರೆ ಇದು ಯಾಕೆ ಸಾಧ್ಯ ಇಲ್ಲ?

ಲ್ಯಾಬ್ ಬೆಂಚು (ಊರು ನಾಪೋಕ್ಲು, ಕೆಲಸ ಬೆಂಗಳೂರು)
ಕರಿಮೆಣಸು ಅವರೇ, ನಿಮ್ಮ ಪ್ರಶ್ನೆ ಸರಿಯಾಗಿದೆ. ಜೀವಕೋಶ ಬೆಳೆಸುವ ಲ್ಯಾಬಿನಲ್ಲೇ ನನ್ನ ಕೆಲಸ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ರಕ್ತದ ಕಾಯಿಲೆಗೆ ಅಸ್ಥಿಮಜ್ಜೆಯ ಸ್ಟೆಮ್ ಸೆಲ್ ಕೊಡುವುದು ದಶಕಗಳಿಂದ ಪರೀಕ್ಷೆಯಾಗಿ ಗೆದ್ದ ಚಿಕಿತ್ಸೆ. ಆ ಕೋಶಗಳ ಕೆಲಸವೇ ರಕ್ತ ತಯಾರಿಸುವುದು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರತಂದ ಮಾರ್ಗಸೂಚಿ ಮಾಮೂಲಿ ಚಿಕಿತ್ಸೆ ಅಂತ ಒಪ್ಪುವುದು ಅದನ್ನು ಮಾತ್ರ. ಉಳಿದ ಎಲ್ಲ ಕಾಯಿಲೆಗೂ ಸ್ಟೆಮ್ ಸೆಲ್ ಕೊಡುವುದಾದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು. ಪ್ರಯೋಗಕ್ಕೆ ಸೇರಿದವರಿಂದ ದುಡ್ಡು ತೆಗೆದುಕೊಳ್ಳುವ ಹಾಗಿಲ್ಲ. ಎರಡೂವರೆ ಲಕ್ಷ ಕೇಳಿದಾಗಲೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಈಗ ಮೂತ್ರ ಸೋರಿಕೆಯ ವಿಷಯ. ನಿಜವಾದ ಸಂಶೋಧನೆ ಹೆಚ್ಚಾಗಿ ನಡೆದಿರುವುದು ಸ್ನಾಯುವಿನ ಕೋಶಗಳ ಮೇಲೆ. ತೊಡೆಯಿಂದ ಚಿಕ್ಕ ಚೂರು ಸ್ನಾಯು ತೆಗೆಯುತ್ತಾರೆ. ಅದರಿಂದ ಕೋಶಗಳನ್ನು ಬೇರ್ಪಡಿಸಿ ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸುತ್ತಾರೆ. ಆಮೇಲೆ ಮೂತ್ರನಾಳ ಮುಚ್ಚುವ ಸ್ನಾಯುವಿಗೆ ಚುಚ್ಚುತ್ತಾರೆ. ಅವು ಅಲ್ಲಿ ಸೇರಿಕೊಂಡು ಹೊಸ ಸ್ನಾಯು ಆಗಲಿ ಅನ್ನುವುದು ಆಸೆ. 2008ರಲ್ಲಿ ಕೆನಡಾದಿಂದ 8 ಹೆಂಗಸರ ವರದಿ ಬಂತು. 5 ಜನ ಸುಧಾರಿಸಿದೆ ಅಂದರು. ಎಲ್ಲರಿಗೂ ಹುಮ್ಮಸ್ಸು ಬಂತು. ಆಮೇಲೆ ದೊಡ್ಡ ಪ್ರಯೋಗ ಮಾಡಿದರು. ಕೆಲವರಿಗೆ ಕೋಶ, ಇನ್ನು ಕೆಲವರಿಗೆ ಕೋಶವೇ ಇಲ್ಲದ ಬರೀ ದ್ರವ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರ್‌ಗೂ ಗೊತ್ತಿಲ್ಲ. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಬರೀ ದ್ರವ ಚುಚ್ಚಿಸಿಕೊಂಡವರಲ್ಲೂ ತುಂಬ ಜನ ಸುಧಾರಿಸಿದೆ ಅಂದಿದ್ದರು. ಹಾಗಾಗಿ ಕೋಶದಿಂದಲೇ ಗುಣವಾಯಿತು ಅಂತ ಹೇಳಲು ಆಗಲಿಲ್ಲ. ಜನರನ್ನು ಸೇರಿಸಿಕೊಳ್ಳುವುದನ್ನೂ ಮಧ್ಯದಲ್ಲೇ ನಿಲ್ಲಿಸಿದ್ದರು.

ಇನ್ನೊಂದು ಕಥೆಯೂ ಇದೆ. ಆಸ್ಟ್ರಿಯಾದ ಇನ್ಸ್‌ಬ್ರುಕ್‌ನವರು 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದ್ಭುತ ಫಲಿತಾಂಶ ಪ್ರಕಟಿಸಿದರು. ಪ್ರಯೋಗ ನಡೆಸಿದ ರೀತಿಯಲ್ಲೇ ಗಂಭೀರ ಲೋಪಗಳಿದ್ದವು ಅಂತ ತನಿಖೆಯಲ್ಲಿ ಗೊತ್ತಾಯಿತು. 2008ರಲ್ಲಿ ಪತ್ರಿಕೆ ಆ ಲೇಖನವನ್ನೇ ಹಿಂದಕ್ಕೆ ತೆಗೆದುಕೊಂಡಿತು.

ಬೆಳಗ್ಗೆ ಕೊಬ್ಬು ತೆಗೆದು ಸಂಜೆ ಚುಚ್ಚುವುದರಲ್ಲಿ ಯಾವ ಕೋಶ ಎಷ್ಟಿದೆ ಅಂತ ಸರಿಯಾಗಿ ಪರೀಕ್ಷೆ ಮಾಡಲು ಸಮಯವಾದರೂ ಎಲ್ಲಿದೆ? ಸಸಿಮಡಿ ಮಾಡದೆ, ಯಾವ ತಳಿ ಅಂತಲೂ ನೋಡದೆ ಕಾಫಿ ಬೀಜ ಎರಚಿ ತೋಟ ಆಯಿತು ಅಂದರೆ ನಾವು ಒಪ್ಪುತ್ತೇವಾ?

ಕರಿಮೆಣಸು
ಸರಿ, ಇಂಜೆಕ್ಷನ್ ಬಿಡಿ. ಮೂತ್ರಕೋಶವನ್ನೇ ಲ್ಯಾಬಿನಲ್ಲಿ ಬೆಳೆಸಿ ಮಕ್ಕಳಿಗೆ ಕೂರಿಸಿದ್ದು ನಿಜ ತಾನೇ? ಪೇಪರಿನಲ್ಲಿ ದೊಡ್ಡದಾಗಿ ಬಂದಿತ್ತು.

ಲ್ಯಾಬ್ ಬೆಂಚು
ನಿಜ. ಅಮೆರಿಕದ ಡಾ. ಆಂಥನಿ ಅಟಾಲಾ ಅವರ ತಂಡ 2006ರಲ್ಲಿ ವರದಿ ಮಾಡಿತು. 4ರಿಂದ 19 ವರ್ಷದ 7 ಜನ. ಹುಟ್ಟಿನಿಂದಲೇ ಬೆನ್ನುಹುರಿಯ ತೊಂದರೆ ಇದ್ದವರು. ಅವರದೇ ಮೂತ್ರಕೋಶದಿಂದ ಚೂರು ತೆಗೆದು, ಕೋಶ ಬೆಳೆಸಿ, ಒಂದು ಅಚ್ಚಿನ ಮೇಲೆ ಹರಡಿ, ಅದನ್ನು ಮೂತ್ರಕೋಶಕ್ಕೆ ಜೋಡಿಸಿದರು. ಆದರೆ ನಂತರ ಅದೇ ದಾರಿಯಲ್ಲಿ 10 ಮಕ್ಕಳ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. 2014ರಲ್ಲಿ ಅದರ ವರದಿ ಬಂತು. ಮೂತ್ರಕೋಶ ಹೇಳಿಕೊಳ್ಳುವಷ್ಟು ಸುಧಾರಿಸಲಿಲ್ಲ. ಕೆಲವು ಮಕ್ಕಳಿಗೆ ಗಂಭೀರ ತೊಂದರೆಗಳೂ ಆದವು. ಮೊದಲ ಸುದ್ದಿ ಮುಖಪುಟದಲ್ಲಿ ಬರುತ್ತದೆ. ಎರಡನೆಯದು ಯಾರ ಕಣ್ಣಿಗೂ ಬೀಳುವುದಿಲ್ಲ.

ಶನಿವಾರಸಂತೆ ಅಪ್ಪ
ಈ ಮಾತು ಓದಿ ಸುಮ್ಮನೆ ಇರಲು ಆಗಲಿಲ್ಲ. ನನ್ನ ಮಗಳಿಗೆ ಹುಟ್ಟಿನಿಂದಲೇ ಆ ಬೆನ್ನುಹುರಿಯ ತೊಂದರೆ. ಮೂತ್ರಕೋಶಕ್ಕೆ ಸರಿಯಾದ ನರಗಳ ಅಪ್ಪಣೆ ಇಲ್ಲ. ದಿನಕ್ಕೆ ನಾಲ್ಕೈದು ಸಲ ತೆಳುವಾದ ಕೊಳವೆ ಹಾಕಿ ಮೂತ್ರ ತೆಗೆಯಬೇಕು. ಮೊದಲು ನನ್ನ ಹೆಂಡತಿ ಮಾಡುತ್ತಿದ್ದಳು. ಈಗ ಮಗಳೇ ಕಲಿತಿದ್ದಾಳೆ. ಕೈ ಚೆನ್ನಾಗಿ ತೊಳೆದು ಮಾಡಿದರೆ ಸಾಕು, ಆಪರೇಷನ್ ಥಿಯೇಟರಿನ ಹಾಗೆ ಎಲ್ಲವೂ ಸ್ಟೆರೈಲ್ ಇರಬೇಕಿಲ್ಲ ಅಂತ ಡಾಕ್ಟರ್ ಧೈರ್ಯ ಹೇಳಿದರು. ಅಮೆರಿಕದ ಲಪೀಡ್ಸ್ ಅನ್ನುವ ಡಾಕ್ಟರ್ 1972ರಲ್ಲಿ ಇದನ್ನು ತೋರಿಸಿಕೊಟ್ಟರಂತೆ. ನನ್ನ ಮಗಳ ಕಿಡ್ನಿ ಇವತ್ತಿಗೂ ಚೆನ್ನಾಗಿದೆ. ಅದಕ್ಕೆ ಈ ಕೊಳವೆಯೇ ಕಾರಣ.

ನನ್ನ ಜಗಳ ಬೇರೆ. ಸ್ಕೂಲಿನಲ್ಲಿ ಚಿಲಕ ಇರುವ ಒಂದು ಟಾಯ್ಲೆಟ್ ಕೊಡಿಸಲು ನಾನು ಪಟ್ಟ ಪಾಡು ನನಗೇ ಗೊತ್ತು. ಜನ ಬಂದು ಆ ದೇಶದಲ್ಲಿ ಹೊಸ ಮೂತ್ರಕೋಶ ಬೆಳೆಸುತ್ತಾರಂತೆ, ಅಲ್ಲಿಗೆ ಹೋಗಿ ಅನ್ನುತ್ತಾರೆ. ಆಸೆ ನನಗೂ ಇದೆ, ಬಿಡುವುದಿಲ್ಲ. ಆದರೆ ಇವತ್ತು ಅವಳಿಗೆ ಬೇಕಾಗಿರುವುದು ನೀರು, ಸೋಪು, ಬಾಗಿಲು.

ನಿವೃತ್ತ ಸಿಸ್ಟರ್
ನಿಮ್ಮ ಮಗಳಿಗೆ ನನ್ನ ಆಶೀರ್ವಾದ ಹೇಳಿ. ಹೊಸದಾಗಿ ಮದುವೆಯಾದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಗರ್ಭಿಣಿ ಆಗುವ ಮೊದಲಿನಿಂದಲೇ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ. ಇಂಥ ತೊಂದರೆ ತುಂಬ ಮಟ್ಟಿಗೆ ತಪ್ಪುತ್ತದೆ. ಬೆಲೆಯೂ ಕಡಿಮೆ.

ಘಾಟಿ ರೈಡರ್ (ಸುಂಟಿಕೊಪ್ಪ)
ಗಂಡಸರ ಕಡೆಯಿಂದಲೂ ಒಂದು. ಆನೆಕಾಡು ಹತ್ತಿರ ಬೈಕ್ ಬಿದ್ದು ನನ್ನ ಮೂತ್ರನಾಳ ಹರಿದಿತ್ತು. ವಾಸಿಯಾದ ಮೇಲೆ ಅದೇ ಜಾಗ ಕಿರಿದಾಯಿತು. ಮೂತ್ರ ದಾರದ ಹಾಗೆ ಬರುತ್ತಿತ್ತು. ಪದೇ ಪದೇ ಹಿಗ್ಗಿಸುವುದು, ಮತ್ತೆ ಕಿರಿದಾಗುವುದು. ಕೊನೆಗೆ ಕೆನ್ನೆಯ ಒಳಗಿನ ಪದರ ತೆಗೆದು ಅಲ್ಲಿಗೆ ಕಸಿ ಮಾಡಿದರು. ಕೆಲವು ದಿನ ಖಾರ ತಿನ್ನಲು ಆಗಲಿಲ್ಲ, ಪಂದಿಕರಿ ದೂರ ಇಡಬೇಕಾಯಿತು. ಆದರೆ ಈಗ ಆರಾಮ. ಇದರಲ್ಲೂ ಲ್ಯಾಬಿನಲ್ಲಿ ಕೋಶ ಬೆಳೆಸುವುದು ಬಂದಿದೆಯಾ?

ಲ್ಯಾಬ್ ಬೆಂಚು
ಬಂದಿದೆ, ಸಂಶೋಧನೆಯಾಗಿ. ಕೆನ್ನೆಯ ಕೋಶಗಳನ್ನೇ ಬೆಳೆಸಿ ಬಳಸುವ ಪ್ರಯತ್ನಗಳಿವೆ. ಮೆಕ್ಸಿಕೋದಲ್ಲಿ 5 ಹುಡುಗರಿಗೆ ಅವರದೇ ಕೋಶಗಳಿಂದ ಬೆಳೆಸಿದ ಮೂತ್ರನಾಳ ಕೂರಿಸಿ, ಹಲವು ವರ್ಷ ಗಮನಿಸಿ, 2011ರಲ್ಲಿ ಒಳ್ಳೆಯ ವರದಿ ಕೊಟ್ಟರು. ನನಗೆ ಈ ಕ್ಷೇತ್ರದಲ್ಲಿ ಜಾಸ್ತಿ ಭರವಸೆ ಇರುವುದೇ ಇಲ್ಲಿ. ಮೂತ್ರನಾಳ ಒಂದು ಕೊಳವೆ, ಮೂತ್ರಕೋಶದಷ್ಟು ಜಟಿಲ ಅಲ್ಲ. ಆದರೂ 5 ಹುಡುಗರು ಅಂದರೆ 5 ಹುಡುಗರೇ. ನಿಮಗೆ ಮಾಡಿದ ಆಪರೇಷನ್ ಸಾವಿರಾರು ಜನರಲ್ಲಿ ಗೆದ್ದಿದೆ.

ಗೋಣಿಕೊಪ್ಪ ಹುಡುಗ
ನಮ್ಮ ಕಡೆ ಒಬ್ಬರು ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ ಚುಚ್ಚುತ್ತಾರೆ. ಕೂದಲಿಗೂ ಅದೇ, ಮಂಡಿಗೂ ಅದೇ. ಈಗ ಮೂತ್ರ ಸೋರುವುದಕ್ಕೂ ಶುರು ಮಾಡಿದ್ದಾರಂತೆ. ಇದೂ ಸ್ಟೆಮ್ ಸೆಲ್ಲಾ?

ಲ್ಯಾಬ್ ಬೆಂಚು
ಅಲ್ಲ. ಅದು ಪಿಆರ್‌ಪಿ. ಪ್ಲೇಟ್‌ಲೆಟ್ ಜಾಸ್ತಿ ಇರುವ ರಕ್ತದ ದ್ರವ, ಅಷ್ಟೇ. ಅದರಲ್ಲಿ ಸ್ಟೆಮ್ ಸೆಲ್ ಇದೆ ಅಂತ ಮಾರಿದರೆ ಸುಳ್ಳು.

ಕರಿಮೆಣಸು
ಆದರೂ ಕೇಳುತ್ತೇನೆ. ನಮ್ಮ ಮೈಯದೇ ಕೋಶ, ನಮ್ಮ ಮೈಗೇ ಹಾಕುವುದು. ಉಪಯೋಗ ಆಗದಿದ್ದರೆ ಹೋಗಲಿ, ಕೆಡುಕು ಏನು?

ಲ್ಯಾಬ್ ಬೆಂಚು
ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಹೆಂಗಸರಿಗೆ ಅವರದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿದರು. ಮೂವರ ದೃಷ್ಟಿಯೂ ಹೋಯಿತು. 2017ರಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಆಗಿದೆ. ಅದು ಕಣ್ಣು, ಇದು ಮೂತ್ರನಾಳ, ನಿಜ. ಆದರೆ ಸೋಂಕು, ಗಂಟು, ಮೂತ್ರನಾಳ ಕಟ್ಟಿಕೊಳ್ಳುವುದು ಇಲ್ಲೂ ಆಗಬಹುದು. ಪ್ರಯೋಗದಲ್ಲಾದರೆ ಪ್ರಯೋಗದಿಂದ ಆದ ತೊಂದರೆಗೆ ಚಿಕಿತ್ಸೆ, ಪರಿಹಾರ ಕೊಡಬೇಕು ಅಂತ ಹೊಸ ಔಷಧ, ಕ್ಲಿನಿಕಲ್ ಪ್ರಯೋಗಗಳ 2019ರ ನಿಯಮಗಳಲ್ಲಿ ಇದೆ. ದುಡ್ಡು ಕೊಟ್ಟು ಮಾಡಿಸಿಕೊಂಡರೆ ಯಾರ ಹತ್ತಿರ ಕೇಳುತ್ತೀರಿ?

ಲೈನ್‌ಮನೆ ಹುಡುಗಿ
ವಿಷಯ ಸ್ವಲ್ಪ ಬೇರೆ ಕಡೆ ಹೋಗುತ್ತದೆ, ಕ್ಷಮಿಸಿ. ನಾನು ತೋಟದ ಲೈನ್‌ಮನೆಯಲ್ಲೇ (ಕೆಲಸಗಾರರ ಸಾಲುಮನೆ) ಬೆಳೆದವಳು. ಕಾಫಿ ಕೊಯ್ಲಿನ ಸಮಯದಲ್ಲಿ ನಮ್ಮಮ್ಮ ಬೆಳಗ್ಗೆ ಹೋದರೆ ಸಂಜೆಯ ತೂಕ ಆಗುವವರೆಗೂ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಹೋಗುವುದು ಎಲ್ಲಿಗೆ? ಗಿಡದ ಮರೆಗೆ ಹೋದರೆ ಜಿಗಣೆ, ಹಾವು, ಆನೆ ಭಯ. ಸುತ್ತ ಗಂಡಸರು ಬೇರೆ. ಪದೇ ಪದೇ ಉರಿಮೂತ್ರ ಬರುತ್ತಿತ್ತು. ಆಮೇಲೆ ಆ ಒದ್ದೆ ಚೀಲ ಹೊತ್ತು ಇಳಿಜಾರು ಹತ್ತುವುದು. ಎರಡೂವರೆ ಲಕ್ಷದ ಇಂಜೆಕ್ಷನ್ ಬಗ್ಗೆ ಇಷ್ಟು ಮಾತಾಡುತ್ತೀರಿ. ಇದನ್ನೂ ಮಾತಾಡಿ.

ಏಲಕ್ಕಿ ತೋಟ
ಎಲ್ಲ ತೋಟದವರೂ ಹಾಗಿಲ್ಲ. ನಾವು ಕಣದ ಹತ್ತಿರ ಹೆಂಗಸರಿಗೆ ಬೇರೆ ಶೌಚಾಲಯ ಕಟ್ಟಿಸಿದ್ದೇವೆ.

ಲೈನ್‌ಮನೆ ಹುಡುಗಿ
ಒಳ್ಳೆಯದು. ಆದರೆ ಕೊಯ್ಲು ನಡೆಯುವುದು ಕಣದಲ್ಲಿ ಅಲ್ಲ. ಅಲ್ಲಿಂದ ಅರ್ಧ ಗಂಟೆ ನಡೆದು ಬಂದು ಹೋದರೆ ಕೆ.ಜಿ. ಲೆಕ್ಕದ ಕೂಲಿಯಲ್ಲಿ ಎಷ್ಟು ಕಳೆದುಕೊಳ್ಳುತ್ತಾರೆ ಹೇಳಿ? ತೋಟದ ಕೆಲಸಗಾರರಿಗೆ ಶೌಚಾಲಯ ಕೊಡಬೇಕು ಅಂತ 1951ರ ತೋಟ ಕಾರ್ಮಿಕರ ಕಾಯಿದೆಯಲ್ಲೇ ಬರೆದಿತ್ತು. ಕೊಯ್ಲಿನ ಜಾಗಕ್ಕೆ ಸಾಗಿಸುವಂಥ ಟಾಯ್ಲೆಟ್ ಇಡಬಹುದಲ್ಲ. ಮದುವೆ ಮನೆಗೆ ತರಿಸುತ್ತೀರಲ್ಲ.

ಏಲಕ್ಕಿ ತೋಟ
ಈ ಮಾತು ಒಪ್ಪುತ್ತೇನೆ. ನಾವು ಹತ್ತಿರದ ತೋಟದವರೆಲ್ಲ ಸೇರಿ ಬಾಡಿಗೆಗೆ ತರಬಹುದು. ವಿಚಾರಿಸುತ್ತೇನೆ.

ಫಿಸಿಯೋ ಕುಶಾಲನಗರ
ಇಷ್ಟು ಮಾತಾಯಿತು, ಒತ್ತಡದ ಸೋರಿಕೆಗೆ ಮೊದಲ ಚಿಕಿತ್ಸೆ ಏನು ಅಂತ ಯಾರೂ ಬರೆಯಲಿಲ್ಲ! ತಳಸ್ನಾಯುವಿನ, ಅಂದರೆ ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುವಿನ ವ್ಯಾಯಾಮ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ 1948ರಲ್ಲಿ ಇದನ್ನು ಪ್ರಚಾರಕ್ಕೆ ತಂದರು. ಕೆಗೆಲ್ ವ್ಯಾಯಾಮ ಅಂತಲೇ ಹೆಸರು.

ಗ್ಯಾಸ್ ಹೊರಗೆ ಹೋಗದಂತೆ ತಡೆಯುವಾಗ, ಮೂತ್ರ ತಡೆಯುವಾಗ ಒಳಗೆ ಮೇಲಕ್ಕೆ ಎಳೆದ ಹಾಗೆ ಆಗುತ್ತದಲ್ಲ, ಅದೇ ಸ್ನಾಯು. ಹೊಟ್ಟೆ, ತೊಡೆ, ಪೃಷ್ಠ ಬಿಗಿ ಮಾಡಬಾರದು. ಉಸಿರು ಕಟ್ಟಬಾರದು. ಎಳೆದು ಹಿಡಿಯಿರಿ, ಪೂರ್ತಿ ಬಿಡಿ. ಒಂದು ಸಲಕ್ಕೆ ಕನಿಷ್ಠ 8 ಬಾರಿ, ದಿನಕ್ಕೆ 3 ಸಲ, ಕಡಿಮೆ ಅಂದರೂ 3 ತಿಂಗಳು. ಮೂತ್ರ ಮಾಡುತ್ತಿರುವಾಗ ಮಧ್ಯದಲ್ಲಿ ನಿಲ್ಲಿಸುವುದನ್ನು ಅಭ್ಯಾಸ ಮಾಡಿಕೊಳ್ಳಬೇಡಿ. ಇನ್ನೊಂದು ಉಪಾಯ ಇದೆ. ಕೆಮ್ಮು ಬರುವ ಮುಂಚೆ, ಚೀಲ ಎತ್ತುವ ಮುಂಚೆ ಅದೇ ಸ್ನಾಯುವನ್ನು ಬಿಗಿ ಹಿಡಿಯಿರಿ.

ತುಂಬ ಜನ ಮಾಡಿದೆವು, ಗುಣ ಆಗಲಿಲ್ಲ ಅನ್ನುತ್ತಾರೆ. ನೋಡಿದರೆ ಎಳೆಯುವ ಬದಲು ಕೆಳಗೆ ತಳ್ಳುತ್ತಿರುತ್ತಾರೆ. ಅದಕ್ಕೇ ಒಂದು ಸಲ ತಿಳಿದವರ ಹತ್ತಿರ ಪರೀಕ್ಷೆ ಮಾಡಿಸಿಕೊಂಡು ಕಲಿಯಬೇಕು.

ಸೋಮವಾರಪೇಟೆ ಸೊಸೆ
ನಾನು ಇದನ್ನು ಪಟ್ಟು ಹಿಡಿದು ಮಾಡಿದೆ. ಪೂರ್ತಿ ಹೋಗಲಿಲ್ಲ. ಆದರೆ ಪ್ಯಾಡ್ ಇಲ್ಲದೆ ಸಂತೆಗೆ ಹೋಗುತ್ತೇನೆ, ನನಗೆ ಅಷ್ಟು ಸಾಕು. ನಮ್ಮ ಓರಗಿತ್ತಿಗೆ ಸಾಲಲಿಲ್ಲ. ಅವರು ಮೈಸೂರಿನಲ್ಲಿ ಮೂತ್ರನಾಳದ ಕೆಳಗೆ ಪಟ್ಟಿ ಹಾಕುವ ಆಪರೇಷನ್ ಮಾಡಿಸಿಕೊಂಡರು. ಚೆನ್ನಾಗಿದ್ದಾರೆ.

ಗೋಣಿಕೊಪ್ಪ ಹುಡುಗ
ಆ ಪಟ್ಟಿ ಬ್ರಿಟನ್‌ನಲ್ಲಿ ನಿಲ್ಲಿಸಿದ್ದಾರೆ ಅಂತ ಓದಿದ್ದೆ.

ನಿವೃತ್ತ ಸಿಸ್ಟರ್
ಬಲೆಯಂಥ ಪಟ್ಟಿಯಿಂದ ಕೆಲವರಿಗೆ ತೀರದ ನೋವು ಬಂತು. ಅದಕ್ಕೆ ಇಂಗ್ಲೆಂಡಿನಲ್ಲಿ 2018ರಲ್ಲಿ ತಡೆ ಹಾಕಿದರು. ಬಹಳ ದೇಶಗಳಲ್ಲಿ ಈಗಲೂ ಹಾಕುತ್ತಾರೆ, ಹೆಚ್ಚಿನವರಿಗೆ ಒಳ್ಳೆಯದೇ ಆಗುತ್ತದೆ. ನಮ್ಮದೇ ಮೈಯ ಪದರದಿಂದ ಮಾಡುವ ಪಟ್ಟಿಯೂ ಇದೆ. ಎರಡರ ಒಳಿತು ಕೆಡುಕನ್ನೂ ಡಾಕ್ಟರ್ ಹತ್ತಿರ ಕೇಳಿ ಒಪ್ಪಬೇಕು.

ತಾತ (ವಿರಾಜಪೇಟೆ)
ಪ್ರಾಸ್ಟೇಟ್ ಆಪರೇಷನ್ ಆದ ಮೇಲೆ ನನಗೂ ಇದೇ ತೊಂದರೆ. ಗಂಡಸರಿಗೂ ಆ ವ್ಯಾಯಾಮ ಆಗುತ್ತದಾ?

ಫಿಸಿಯೋ ಕುಶಾಲನಗರ
ಖಂಡಿತ ತಾತ. ಆಪರೇಷನ್ ಆದ ಮೇಲೆ ತಿಂಗಳುಗಳಲ್ಲಿ ತಾನಾಗಿಯೂ ಸುಧಾರಿಸುತ್ತದೆ, ವ್ಯಾಯಾಮ ಅದಕ್ಕೆ ಸಹಾಯ. ವರ್ಷ ಕಳೆದರೂ ಜಾಸ್ತಿ ಸೋರುತ್ತಿದ್ದರೆ ಕೃತಕ ಕವಾಟ ಕೂರಿಸುವ ಆಪರೇಷನ್ ಇದೆ. ಯೂರಾಲಜಿಯವರನ್ನು ಕೇಳಿ.

ಬೆಳ್ಳಂಬೆಳಗ್ಗೆ (ಭಾಗಮಂಡಲ)
ಕಾಫಿ ಬಿಡಬೇಕಾ? ಕೊಡಗಿನವರಿಗೆ ಅದೊಂದೇ ಆಗದ ಕೆಲಸ.

ನಿವೃತ್ತ ಸಿಸ್ಟರ್
ಅವಸರದ ಸೋರಿಕೆ ಇದ್ದರೆ ಕಾಫಿ, ಟೀ ಕಡಿಮೆ ಮಾಡಿ ನೋಡಿ, ವ್ಯತ್ಯಾಸ ಕಾಣಬಹುದು. ಆದರೆ ನೀರು ಕಡಿಮೆ ಮಾಡಬೇಡಿ.

ಕಾಫಿಹೂ
ಎಲ್ಲರಿಗೂ ತುಂಬ ಧನ್ಯವಾದ. ಇವತ್ತು ಕ್ಲಿನಿಕ್‌ಗೆ ನಾನೇ ಫೋನ್ ಮಾಡಿದೆ. ಇದು ಪ್ರಯೋಗವಾ, ನೋಂದಣಿ ಸಂಖ್ಯೆ ಇದೆಯಾ ಅಂತ ಕೇಳಿದೆ. ಮೊದಲು ಅದೆಲ್ಲ ಬೇಡ ಅಂದರು. ಮತ್ತೆ ಕೇಳಿದಾಗ ಇವತ್ತೇ ಬುಕ್ ಮಾಡಿದರೆ ನಲವತ್ತು ಸಾವಿರ ಕಡಿಮೆ ಅಂದರು. ನಾನು ಫೋನ್ ಇಟ್ಟೆ. ಅಣ್ಣನಿಗೆ ಈ ಪುಟ ಪೂರ್ತಿ ಓದಿಸಿದೆ. ಅವನಿಗೆ ಇನ್ನೂ ಅರೆಮನಸ್ಸು. ಆದರೂ ಮೊದಲು ಮಡಿಕೇರಿ ಮೆಡಿಕಲ್ ಕಾಲೇಜಿನ ಸ್ತ್ರೀರೋಗ ವಿಭಾಗಕ್ಕೆ ಹೋಗೋಣ ಅಂತ ಒಪ್ಪಿದ.

ಲ್ಯಾಬ್ ಬೆಂಚು
ಸರಿಯಾದ ಪ್ರಶ್ನೆ ಕೇಳಿದಿರಿ. ನಮ್ಮ ದೇಶದಲ್ಲಿ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಅನ್ನುವ ದಾಖಲೆಯಲ್ಲಿ ಇರಬೇಕು. ಯಾರು ಬೇಕಾದರೂ ಇಂಟರ್‌ನೆಟ್‌ನಲ್ಲಿ ದುಡ್ಡಿಲ್ಲದೆ ಹುಡುಕಬಹುದು. ಮುಂದೆ ಒಳ್ಳೆಯ ಪ್ರಯೋಗ ಬಂದರೆ ಅಮ್ಮ ಧೈರ್ಯವಾಗಿ ಸೇರಲಿ. ಸೇರುವವರು ಇಲ್ಲದೆ ಈ ಚಿಕಿತ್ಸೆ ಮುಂದೆ ಹೋಗುವುದಿಲ್ಲ.

ಕರಿಮೆಣಸು
ಡಿಸ್ಕೌಂಟ್ ಕೊಡುವ ಚಿಕಿತ್ಸೆ ನನಗೂ ಬೇಡ. ಆದರೆ ಈ ವಿಜ್ಞಾನ ಗೆಲ್ಲುತ್ತದೆ ಅನ್ನುವ ನನ್ನ ಮಾತು ಹಾಗೇ ಇರಲಿ.

ನಿವೃತ್ತ ಸಿಸ್ಟರ್
ಕಾಫಿಹೂ, ಹೋಗುವ ಮೊದಲು ಮೂರು ದಿನ ಒಂದು ನೋಟ್‌ಬುಕ್‌ನಲ್ಲಿ ಬರೆಯಿಸಿ. ಎಷ್ಟು ಹೊತ್ತಿಗೆ ಏನು ಕುಡಿದರು, ಎಷ್ಟು ಹೊತ್ತಿಗೆ ಮೂತ್ರ ಹೋದರು, ಯಾವಾಗ ಸೋರಿತು, ಆಗ ಏನು ಮಾಡುತ್ತಿದ್ದರು. ಡಾಕ್ಟರ್‌ಗೆ ಅದು ತುಂಬ ಉಪಯೋಗ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಚೀಟಿಯೂ ಇರಲಿ. ಬಿಪಿಯ ಕೆಲವು ಮಾತ್ರೆಗಳೂ ಮೂತ್ರ ಜಾಸ್ತಿ ಮಾಡುತ್ತವೆ.

ಲೈನ್‌ಮನೆ ಹುಡುಗಿ
ಫಿಸಿಯೋ ಅವರೇ, ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಈ ವ್ಯಾಯಾಮ ಹೇಳಿಕೊಡಲು ಬರುತ್ತೀರಾ? ಆಸ್ಪತ್ರೆಗೆ ಬನ್ನಿ ಅಂದರೆ ಯಾರೂ ಬರುವುದಿಲ್ಲ, ಒಂದು ದಿನದ ಕೂಲಿ ಹೋಗುತ್ತದೆ.

ಫಿಸಿಯೋ ಕುಶಾಲನಗರ
ಬರುತ್ತೇನೆ. ಭಾನುವಾರ ಮಧ್ಯಾಹ್ನ ಆಗುತ್ತದಾ? ಗಂಡಸರು ಇಲ್ಲದ ಒಂದು ರೂಮು, ಮಲಗಲು ನಾಲ್ಕೈದು ಚಾಪೆ ಇದ್ದರೆ ಸಾಕು.

ಲೈನ್‌ಮನೆ ಹುಡುಗಿ
ಅಂಗನವಾಡಿಯ ಬೀಗದ ಕೈ ಕೇಳುತ್ತೇನೆ. ನಮ್ಮ ಯರವ ಅಜ್ಜಿಯರಿಗೆ ಅವರ ಮಾತಿನಲ್ಲೇ ನಾನು ಬಿಡಿಸಿ ಹೇಳುತ್ತೇನೆ.

ಏಲಕ್ಕಿ ತೋಟ
ಜೀಪು ನಾನು ಕಳಿಸುತ್ತೇನೆ. ಯಾವ ಭಾನುವಾರ ಅಂತ ಇಲ್ಲೇ ಬರೆಯಿರಿ.